ಸೋಲಲು ಬಂದ ಅತಿಥಿ

ಗರಡಿಮನೆಯ ಗೋಡೆಯ ಮೇಲೆ ಒಂದು ಛಾಯಾಚಿತ್ರವಿದೆ. ಎಂಟು ಜನ ಸಾಲಾಗಿ ನಿಂತಿದ್ದಾರೆ. ಅವರ ಹಿಂದೆ ಸುಣ್ಣ ಬಳಿದ ಗೋಡೆ, ಗೋಡೆಗೆ ಒರಗಿಸಿಟ್ಟ ಮರದ ಗದೆಗಳು, ಮೇಲೆ ಒಂದು ತುದಿಯ ಕಟ್ಟು ಬಿಚ್ಚಿಹೋದ ಬ್ಯಾನರು. ಅದರಲ್ಲಿ ‘ಆಹ್ವಾನಿತ ಇ-ಸ್ಪೋರ್ಟ್ಸ್’ ಎಂಬಷ್ಟನ್ನು ಓದಬಹುದು, ಉಳಿದದ್ದು ಗಾಳಿಗೆ ಮಗುಚಿಕೊಂಡಿದೆ. ಎಡಗಡೆಯ ನಾಲ್ವರು ನಮ್ಮೂರಿನವರು. ಜವಳಿ ಅಂಗಡಿಯ ತಿಪ್ಪಣ್ಣ ಶೆಟ್ಟರು ಹೊಟ್ಟೆಯ ಮೇಲೆ ಕೈ ಕಟ್ಟಿದ್ದಾರೆ. ನರ್ಸ್ ಫಿಲೋಮಿನಾ ಸೆರಗು ಸರಿಮಾಡಿಕೊಳ್ಳುತ್ತಿರುವಾಗಲೇ ಚಿತ್ರದೊಳಗೆ ಸಿಕ್ಕಿಬಿದ್ದಿದ್ದಾಳೆ. ಬಡಗಿ ಹೊನ್ನಪ್ಪಾಚಾರಿಯ ಬಾಯಿ ಏನನ್ನೋ ಹೇಳಲು ತೆರೆದಿದೆ. ನಾಲ್ಕನೆಯವನು ನಾನು. ನಾಲ್ವರ ಮುಖದಲ್ಲೂ ಆಗತಾನೆ ಎಣ್ಣೆಸ್ನಾನ ಮುಗಿಸಿ ಬಂದವರ ಹೊಳಪಿದೆ. ಬಲಗಡೆಯ ನಾಲ್ವರು ಹೊರಗಿನವರು, ಚಿಕ್ಕ ವಯಸ್ಸಿನವರು, ಬೆನ್ನ ಮೇಲೆ ಹೆಸರು ಬರೆಸಿಕೊಂಡ ಬಣ್ಣದ ಅಂಗಿಯವರು. ಮೂವರು ನಗುತ್ತಿದ್ದಾರೆ. ತುದಿಯವನ ಕೈಯಲ್ಲಿ ಒಂದು ಕಂಚಿನ ಬಟ್ಟಲು. ಎತ್ತಿ ಹಿಡಿಯೆಂದು ಯಾರೋ ಹೇಳಿರಬೇಕು. ಅದು ಎದೆಯವರೆಗೆ ಬಂದು ಅಲ್ಲಿಯೇ ನಿಂತಿದೆ. ಅವನು ಕ್ಯಾಮೆರಾವನ್ನು ನೋಡುತ್ತಿಲ್ಲ. ಬಟ್ಟಲಿನೊಳಗೆ ನೋಡುತ್ತಿದ್ದಾನೆ, ಅದರ ತಳದಲ್ಲಿ ಯಾರೋ ಮುಳುಗುತ್ತಿರುವಂತೆ.

ಹೋದ ವರ್ಷ ಗೆದ್ದವನು ಅವನು. ಹೆಸರು ಇಲ್ಯಾಸ್. ನಮ್ಮ ನಾಲ್ವರ ದುಃಖವೂ ಆ ಹೊತ್ತಿಗೆ ಅವನೊಳಗೆ ಹೋಗಿ ಸೇರಿತ್ತು.

ನಮ್ಮೂರಿನಲ್ಲಿ ಸೋತವರ ದುಃಖ ಗೆದ್ದವರ ಪಾಲಿಗೆ ಹೋಗುತ್ತದೆ. ಬೇರೆ ಊರಿನವರು ತಮ್ಮ ಬಾವಿಯ ನೀರಿನ ಉಪ್ಪನ್ನು ಒಪ್ಪಿಕೊಂಡಂತೆ ನಾವು ಇದನ್ನು ಒಪ್ಪಿಕೊಂಡಿದ್ದೇವೆ. ಶಾಲೆಯಲ್ಲಿ ಓಟದ ಪಂದ್ಯವಿಲ್ಲ. ಗೋಲಿಯಾಟದಲ್ಲಿ ಗೆದ್ದ ಮಗು ಬಿಕ್ಕುತ್ತ ಮನೆಗೆ ಬಂದರೆ ತಾಯಿ ಒಂದು ಚೂರು ಬೆಲ್ಲ ಕೊಟ್ಟು, ಯಾರದ್ದು ಗೆದ್ದೆಯೋ, ಎಂದು ಕೇಳುತ್ತಾಳೆ. ಪುರಸಭೆಯ ಚುನಾವಣೆ ಮುಗಿದ ದಿನ ಹಾರ ಹಾಕಿಸಿಕೊಂಡವನು ಜೀಪಿನ ಮೇಲೆ ನಿಂತು ಕಣ್ಣೊರೆಸಿಕೊಳ್ಳುತ್ತಿರುತ್ತಾನೆ. ಠೇವಣಿ ಕಳೆದುಕೊಂಡವರ ಮನೆಯಲ್ಲಿ ಹೋಳಿಗೆ ಬೇಯುತ್ತಿರುತ್ತದೆ. ಹೊರಡುವ ಮಕ್ಕಳಿಗೆ ಹಿರಿಯರು ‘ಸೋತು ಬಾ’ ಎಂದು ಹರಸುತ್ತಾರೆ. ಆದರೆ ಬೇಕೆಂದು ಸೋತರೆ ಏನೂ ದಾಟುವುದಿಲ್ಲ. ಗೆಲ್ಲಲೇಬೇಕೆಂದು ಮೈಯೆಲ್ಲ ಕಣ್ಣಾಗಿ ಆಡಿ, ಅದರ ಮೇಲೂ ಸೋಲಬೇಕು. ಹಾಗಾಗಿ ನಮ್ಮಲ್ಲಿ ಸೋಲುವುದಕ್ಕೆ ವರ್ಷವಿಡೀ ಅಭ್ಯಾಸ ನಡೆಯುತ್ತದೆ.

ಹಿಂದೆ ಇದೆಲ್ಲ ಕುಸ್ತಿಯಲ್ಲಿ ನಡೆಯುತ್ತಿತ್ತು. ಪೈಲ್ವಾನ್ ಗುರುಪಾದಪ್ಪನವರು ಹರೆಯವಿಡೀ ಊರಿನವರನ್ನೆಲ್ಲ ಚಿತ್ ಮಾಡಿ, ಊರಿನ ಸಾವುನೋವನ್ನು ಒಬ್ಬರೇ ಹೊತ್ತವರು. ಹಗಲು ಹೊತ್ತಿನಲ್ಲಿ ದಾರಿಯ ಮಧ್ಯೆ ನಿಂತು ಅಳುತ್ತಿದ್ದ ಆ ದೊಡ್ಡ ದೇಹವನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಅವರ ತೋಳು ಸೋತ ಮೇಲೆ ಗೆಲ್ಲುವುದಕ್ಕೆ ಊರಿನಲ್ಲಿ ಯಾರೂ ಮುಂದೆ ಬರಲಿಲ್ಲ. ಆ ಕಾಲಕ್ಕೆ ಚಿತ್ರಮಂದಿರದ ಕೆಳಗಿನ ವಿಡಿಯೊ ಗೇಮ್ ಅಂಗಡಿ ಮುಚ್ಚಿತು. ಅಲ್ಲಿದ್ದ ಹಳೆಯ ಮುಷ್ಟಿಯಾಟದ ಯಂತ್ರವನ್ನು ಎತ್ತಿನಗಾಡಿಯಲ್ಲಿ ತಂದು, ಗರಡಿಯಲ್ಲಿ ಕುಸ್ತಿಯಾಡುವ ಕೆಮ್ಮಣ್ಣಿನ ಮಟ್ಟಿಯ ಪಕ್ಕದಲ್ಲೇ ಹಲಗೆ ಹಾಸಿ ಇಟ್ಟೆವು. ಎರಡು ಹಿಡಿಕೆ, ಬಣ್ಣ ಮಾಸಿದ ಬಟನುಗಳು, ಪರದೆಯ ಮೇಲೆ ಎದುರುಬದುರು ಉಸಿರಾಡುತ್ತ ನಿಂತ ಇಬ್ಬರು ಜಗಳಗಂಟರು. ಮುದುಕರೂ ಬಸುರಿಯರೂ ಆಡಬಹುದಾದ ಕುಸ್ತಿ. ಆ ಆಟಕ್ಕೆ ಹೊರಗಿನ ಲೋಕದಲ್ಲಿ ಇನ್ನೂ ಮರ್ಯಾದೆಯಿದೆಯೆಂದೂ, ಅದನ್ನಾಡಿ ಹೆಸರು ಮಾಡಿದ ಹುಡುಗರಿದ್ದಾರೆಂದೂ, ಅವರ ಆಟವನ್ನು ಜನ ಮೊಬೈಲಿನಲ್ಲಿ ಕೂತು ನೋಡುತ್ತಾರೆಂದೂ ತಿಳಿದಾಗ, ಅವರನ್ನೇ ಕರೆಯೋಣವೆಂದವರು ಗುರುಪಾದಪ್ಪನವರೇ. ಆಮಂತ್ರಣದ ಒಕ್ಕಣೆ ನನ್ನದು. ‘ನಿಮ್ಮ ಗೆಲುವಿಗಾಗಿ ನಮ್ಮೂರು ಕಾದಿದೆ’ ಎಂದು ಬರೆದಿದ್ದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಪಂದ್ಯಾವಳಿಯ ಏರ್ಪಾಡು ಇಳಿಜಾರಿನಂಥದು. ಮೊದಲ ಸುತ್ತಿನಲ್ಲಿ ಊರಿನ ಒಬ್ಬೊಬ್ಬರು ಒಬ್ಬೊಬ್ಬ ಅತಿಥಿಗೆ ಸೋಲುತ್ತಾರೆ. ಆಮೇಲೆ ಅತಿಥಿಗಳು ತಮ್ಮತಮ್ಮಲ್ಲೇ ಆಡುತ್ತಾರೆ. ಕಡೆಗೆ ಉಳಿಯುವ ಒಬ್ಬನಲ್ಲಿ ಎಲ್ಲರದ್ದೂ ಹೋಗಿ ನಿಲ್ಲುತ್ತದೆ. ಅವನಿಗೆ ಬಟ್ಟಲು, ರೇಷ್ಮೆಯ ಶಾಲು, ಬಾಳೆಲೆ ತುಂಬ ಊಟ. ಬಸ್ಸಿಗೆ ಹತ್ತಿಸಲು ಊರಿಗೆ ಊರೇ ಬರುತ್ತದೆ. ನಮ್ಮಷ್ಟು ಉಪಚಾರ ಮಾಡುವ ಊರು ಇನ್ನೊಂದಿಲ್ಲವೆಂದು ಅತಿಥಿಗಳು ಹೇಳಿಕೊಳ್ಳುತ್ತಾರಂತೆ. ಒಮ್ಮೆ ಕರೆದವರನ್ನು ನಾವು ಮತ್ತೆ ಕರೆಯುವುದಿಲ್ಲ.

ನಾನು ಅಚ್ಚುಕೂಟದಲ್ಲಿ ಕರಡು ತಿದ್ದುತ್ತ ಮುದುಕನಾದವನು. ಹೆಸರು ಶಾಮರಾಯ. ಮನೆಯಲ್ಲಿ ನನ್ನ ಹೆಂಡತಿ ಅಂಬುಜಾ, ನಾನು, ಕಪಾಟಿನ ತುಂಬ ನವ್ಯರ ಕವಿತೆಗಳು. ನಮ್ಮ ಮಗಳು ಕುಮುದಾ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಮದುವೆಯ ಮಾತು ನಡೆಯುತ್ತಿದ್ದಾಗ ಜ್ವರ ಬಂದು ಒಂದು ವಾರದೊಳಗೆ ಹೋಗಿಬಿಟ್ಟಳು. ಅದಾದ ಮೇಲೆ ಬಹಳ ವರ್ಷ ನಾವಿಬ್ಬರೂ ಒಂದೇ ಹೊರೆಯ ಎರಡು ತುದಿ ಹಿಡಿದು ನಡೆದೆವು. ಹಾಗೆ ನಡೆಯುವವರಿಗೆ ಮಾತು ಬೇಕಾಗುವುದಿಲ್ಲ. ಒಬ್ಬರು ನಿಂತರೆ ಇನ್ನೊಬ್ಬರು ನಿಲ್ಲುತ್ತಾರೆ. ಹೋದ ವರ್ಷ ಪಂದ್ಯಾವಳಿಗೆ ನನ್ನ ಹೆಸರು ಬಂತು. ಅಂಬುಜಾ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ, “ಅದರಲ್ಲಿ ನಂದೂ ಇದೆ. ಅರ್ಧ ಕೊಟ್ಟು ಬರೋಕೆ ಅದೇನು ಹೊಲಾನಾ?” ಎಂದಳು. ನನ್ನ ಪಾಲನ್ನಷ್ಟೇ ಕೊಡುತ್ತೇನೆ ಎಂದೆ. ಹೋದೆ, ಮನಸ್ಸಿಟ್ಟು ಆಡಿದೆ, ಇಲ್ಯಾಸನಿಗೆ ಸೋತೆ. ಅಂದು ಮಧ್ಯಾಹ್ನ ಎಷ್ಟೋ ವರ್ಷಗಳ ಮೇಲೆ ಸಾರಿನ ರುಚಿ ನಾಲಗೆಗೆ ಹತ್ತಿತು.

ಮೊದಮೊದಲು ಹಿತವಾಗಿತ್ತು. ಬಳಿಕ ಒಂದು ದಿನ ಅಡುಗೆಮನೆಗೆ ಹೋಗಿ, ಇವತ್ತೇನು ಪಲ್ಯ, ಎಂದು ಕೇಳಿದೆ. ಅಂಬುಜಾ ಒಲೆ ಹಚ್ಚದೆ ಗೋಡೆಗೊರಗಿ ಕೂತಿದ್ದಳು. ಅದು ಕುಮುದಾ ಹೋದ ದಿನ. ತಿಥಿ ನನಗೆ ಮರೆತಿರಲಿಲ್ಲ. ಅದು ಊರಿನ ಹಳೆಯ ಪ್ರವಾಹದ ತಾರೀಖು ನೆನಪಿರುವ ಹಾಗೆ ನೆನಪಿತ್ತು, ಅಷ್ಟೇ. ಅವತ್ತಿನಿಂದ ಕವಿತೆಗಳನ್ನು ತೆಗೆದು ನೋಡಿದೆ. ಹಿಂದೆ ಯಾವ ಸಾಲಿನ ಮುಂದೆ ಪುಸ್ತಕ ಮುಚ್ಚಿಟ್ಟು ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆನೋ ಆ ಸಾಲಿನಲ್ಲಿ ಈಗ ಅಚ್ಚಿನ ತಪ್ಪು ಮಾತ್ರ ಕಣ್ಣಿಗೆ ಬೀಳುತ್ತಿತ್ತು. ಹೊರೆಯ ಒಂದು ತುದಿ ನೆಲಕ್ಕೆ ಬಿದ್ದು, ಇನ್ನೊಂದನ್ನು ಹಿಡಿದು ಅಂಬುಜಾ ಎಳೆಯುತ್ತ ಹೋಗುತ್ತಿದ್ದಳು. ನನಗೆ ನನ್ನದು ವಾಪಸು ಬೇಕಾಗಿತ್ತು. ಆ ಬೇಕೆಂಬುದೊಂದೇ ನನ್ನೊಳಗೆ ಉಳಿದಿದ್ದ ನೋವು. ಅಂಬುಜಾ ದಿನವೂ ಊಟವಾದ ಮೇಲೆ ಗರಡಿಗೆ ಹೋಗತೊಡಗಿದಳು. ಎದುರಾಳಿಯಿಲ್ಲದೆ ಯಂತ್ರದ ಜೊತೆಗೇ ಆಡಿ ಬರುವಳು. ಕಡೆಗೂ ಸೋಲಲು ಸಿದ್ಧವಾಗುತ್ತಿದ್ದಾಳೆಂದು ಊರು ಸಮಾಧಾನಪಟ್ಟಿತು.

ಈ ವರ್ಷದ ಪಂದ್ಯಾವಳಿಗೆ ಮೂರು ದಿನ ಮುಂಚೆ, ಯಾರೂ ಕರೆಯದೆ, ಬೆಳಗಿನ ಬಸ್ಸಿನಿಂದ ಇಲ್ಯಾಸ್ ಇಳಿದ. ಮೈ ಅರ್ಧಕ್ಕರ್ಧ ಇಳಿದಿತ್ತು. ತಿಪ್ಪಣ್ಣ ಶೆಟ್ಟರ ಅಂಗಡಿಯೆದುರು ನಿಂತು, ತಾನು ಎಂದೂ ಕಾಣದ, ತೀರಿಹೋದ ಅವರ ತಮ್ಮನಿಗಾಗಿ ಅತ್ತನಂತೆ. ಶೆಟ್ಟರು ಒಂದು ಟವೆಲು ಕೊಟ್ಟು, “ಬೋಣಿ ಹೊತ್ತು ಕಣಪ್ಪ, ಸ್ವಲ್ಪ ಆ ಕಡೆ ನಿಂತ್ಕೋ” ಎಂದರಂತೆ. ಫಿಲೋಮಿನಾ ಕಿಟಕಿ ಹಾಕಿಕೊಂಡಳು. ಆಚಾರಿ ಹಿತ್ತಿಲಿನಿಂದ ಎತ್ತಲೋ ಹೊರಟುಹೋದ. ಅವನು ನಮ್ಮ ಮನೆಗೆ ಬಂದಾಗ ಬಾಗಿಲು ತೆಗೆದವಳು ಅಂಬುಜಾ.

“ಸರ್, ನಾನು ಸೋಲಬೇಕು,” ಎಂದ, ಕೂರುವ ಮೊದಲೇ. “ಎಲ್ಲಾ ಕಡೆ ಸೋತೆ. ಎಷ್ಟು ಊರು ಅಂತ ಕೇಳ್ಬೇಡಿ. ಬೇರೆ ಕಡೆ ಸೋತ್ರೆ ಏನೂ ಹೋಗಲ್ಲ, ಹೆಸರು ಮಾತ್ರ ಹೋಗ್ತದೆ. ಮುಂಚೆ ಎದುರಿನವನು ಏನ್ ಮಾಡ್ತಾನೆ ಅಂತ ಯೋಚನೆ ಬರೋದ್ರೊಳಗೆ ಕೈ ಹೋಗಿರೋದು. ಈಗ ಕೈಗಿಂತ ಮುಂಚೆ ನಿಮ್ಮ ಮಗಳು ಬರ್ತಾಳೆ.”

“ಕೂತ್ಕೋ,” ಎಂದಳು ಅಂಬುಜಾ. “ಯಾವಾಗ ಬರ್ತಾಳೆ?”

“ಯಾವಾಗಂದ್ರೆ ಆವಾಗ, ಅಮ್ಮ. ಆಸ್ಪತ್ರೆ ಮಂಚ. ಅವಳು ಪೇಪರ್ ಓದಿ ಅಂತಾಳೆ. ನಾನು ಓದ್ತೀನಿ. ನಾನಲ್ಲ, ಸರ್ ಓದ್ತಾರೆ. ಸುದ್ದಿ ಎಲ್ಲ ಬೇಡ, ನಾಳೆ ಹವಾ ಹೆಂಗಿದೆ ಅದನ್ನ ಓದಿ ಅಂತಾಳೆ. ನಾಳೆ ಒಣಹವೆ, ಸಂಜೆ ಮೋಡ ಅಂತ ಓದ್ತಾರೆ. ಅವಳು ಹಾಗಾದ್ರೆ ಬಟ್ಟೆ ಒಣಗುತ್ತೆ ಅಂತಾಳೆ. ಬೆಳಗಿನ ಪೇಪರ್ ಅದು…”

“ಸಂಜೆ ಪತ್ರಿಕೆ,” ಎಂದೆ ನಾನು.

ಇಬ್ಬರೂ ನನ್ನತ್ತ ತಿರುಗಿದರು. ನಾನು ಕರಡು ತಿದ್ದುವವನ ಅಭ್ಯಾಸದಿಂದ ತಿದ್ದಿದ್ದೆ, ಅದರಲ್ಲಿ ಬೇರೇನೂ ಇರಲಿಲ್ಲ. ಅಂಬುಜಾ ನನ್ನನ್ನು ಒಂದು ಗಳಿಗೆ ನೋಡಿ ಮತ್ತೆ ಅವನ ಕಡೆಗೆ ಹೊರಳಿದಳು. ಈ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. ಇಷ್ಟು ವರ್ಷ ಅದನ್ನು ಅವಳಿಗೆ ಹೇಳಲಾಗದೆ ಒಳಗೇ ಇಟ್ಟುಕೊಂಡಿದ್ದೆ. ಹೇಳಲು ಯಾವ ಕಷ್ಟವೂ ಇಲ್ಲದ ಈ ಒಂದು ವರ್ಷದಲ್ಲಿ ಹೇಳಬೇಕೆಂದು ತೋರಿರಲಿಲ್ಲ. “ಮತ್ತೆ? ಇನ್ನೇನಂದಳು?” ಎಂದು ಅವಳು ಆ ಹುಡುಗನನ್ನು ಕೇಳಿದಳು.

ಅಂದು ಹಗಲೆಲ್ಲ ಅವರಿಬ್ಬರೂ ಅಡುಗೆಮನೆಯಲ್ಲಿದ್ದರು. ಅವನು ಅವರೆಕಾಯಿ ಸುಲಿಯುತ್ತಿದ್ದ, ಅವಳು ಹೇಳುತ್ತಿದ್ದಳು. ಅವಳು ನಿಲ್ಲಿಸಿದಲ್ಲಿಂದ ಅವನು ಹೇಳುತ್ತಿದ್ದ. ಒಮ್ಮೆ ಇಬ್ಬರೂ ನಕ್ಕರು. ಕುಮುದಾ ಚಿಕ್ಕವಳಿದ್ದಾಗ ದೇವರ ಮನೆಯ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ, ದೇವರು ಮಲಗಿದೆ ಎಂದದ್ದಕ್ಕಿರಬೇಕು. ನಾನು ನಡುಮನೆಯಲ್ಲಿ ಕೂತು, ಪಕ್ಕದ ಮನೆಯ ರೇಡಿಯೊ ಕೇಳುವಂತೆ ಅದನ್ನು ಕೇಳಿದೆ. ನನ್ನ ಮಗಳ ಅಪ್ಪ ಅಡುಗೆಮನೆಯಲ್ಲಿದ್ದ. ಅವನಿಗೆ ಇಪ್ಪತ್ತೈದೂ ತುಂಬಿದಂತಿರಲಿಲ್ಲ.

ಸಂಜೆಗೆ ಗುರುಪಾದಪ್ಪನವರು ಬಂದರು. ಜಗುಲಿಯ ಕಂಬಕ್ಕೆ ಬೆನ್ನು ಕೊಟ್ಟು ಕೂತು, ಕೂತದ್ದರ ಆಯಾಸ ಆರಿದ ಮೇಲೆ ಮಾತೆತ್ತಿದರು. “ರಾಯರೇ, ಹುಡುಗನಿಗೆ ಊಟ ಹಾಕಿ ಬಸ್ಸಿಗೆ ಹತ್ತಿಸಿ. ಉಗುಳಿದ್ದನ್ನ ಮತ್ತೆ ಬಾಯಿಗೆ ಹಾಕ್ಕೊಳ್ಳೋ ಪದ್ಧತಿ ನಮ್ಮಲ್ಲಿಲ್ಲ.”

“ನನಗೆ ಬೇಕು, ಪೈಲ್ವಾನರೇ. ಅವನ ಎದುರು ನಾನೇ ಆಡ್ತೀನಿ.”

“ನಿಮ್ದೊಂದೇ ಬರಲ್ಲ. ಶೆಟ್ರ ತಮ್ಮ ಬರ್ತಾನೆ. ಫಿಲೋಮಿನಾ ಗಂಡ ಬರ್ತಾನೆ. ಆಚಾರಿ ಮನೆ ಸುಟ್ಟಿದ್ದು ಬರ್ತದೆ. ಆ ಹೊರಗಿನ ಹುಡುಗರ ಹೊಟ್ಟೇಲಿ ಏನೇನಿತ್ತೋ ಅದೂ ಬರ್ತದೆ. ನಾನು ಹೊತ್ತೋನು, ಹೇಳ್ತೀನಿ ಕೇಳಿ. ಮಂದಿ ದುಃಖ ಭಾರ ಅಂತಾರಲ್ಲ, ಭಾರ ಅಲ್ಲ ಅದು. ಯಾರಿಗಾಗಿ ಅಳ್ತಾ ಇದೀನಿ ಅಂತ ಹೆಸರು ಗೊತ್ತಾಗಲ್ಲ. ಅದೇ ಕಷ್ಟ.”

ಅಂಬುಜಾ ಒಳಗಿನಿಂದ, “ಅವರು ಸೋತ್ರೆ?” ಎಂದಳು.

“ಸೋತ್ರೆ ಉಳಿದಿರೋದೂ ಹೋಗ್ತದೆ, ತಾಯಿ. ಗರಡೀಲಿ ಎರಡು ಸಲ ಸೋತೋರಿಗೆ ಆಮೇಲೆ ಯಾವ ದುಃಖಾನೂ ಹತ್ತಲ್ಲ. ಕೆರೆಬೀದಿ ಅಣ್ಣತಮ್ಮರು ಇಬ್ಬರಿದಾರಲ್ಲ, ಹಂಗೆ. ಒಳ್ಳೇ ಜನ. ಯಾರ ಮೇಲೂ ಸಿಟ್ಟಿಲ್ಲ. ಮಕ್ಕಳು ಮಾತ್ರ ಅವರ ಹತ್ರ ಹೋಗಲ್ಲ.”

“ನನ್ನ ಹತ್ತಿರ ಇನ್ನೇನು ಉಳಿದಿದೆ ಹೋಗೋಕೆ,” ಎಂದು ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ.

ಪೈಲ್ವಾನರು ಒಪ್ಪದೆಯೇ ಎದ್ದುಹೋದರು. ಅವರು ಬೀದಿಯ ತಿರುವು ದಾಟಿದ ಮೇಲೆ, ಬೇಕೆಂದು ಸೋತರೆ ಏನೂ ದಾಟುವುದಿಲ್ಲವೆಂದು ನಾನು ಇಲ್ಯಾಸನಿಗೆ ಹೇಳಿದೆ. ಅಂಬುಜಾ ಅವನಿಗೆ ಗರಡಿಯ ಹಳೆಯ ಕಟ್ಟಳೆಯನ್ನು ಹೇಳಿಕೊಟ್ಟಳು. ಮಟ್ಟಿಯ ಮಣ್ಣು ಮುಟ್ಟಿ, ಒಂದು ಕೈ ಆಡೋಣವೆಂದು ಕೇಳಿದವನಿಗೆ ಇಲ್ಲವೆನ್ನಬಾರದು. ಕೇಳಿದವನು ಕಳ್ಳನಾದರೂ ಸರಿ, ವೈರಿಯಾದರೂ ಸರಿ. ಕರೆಯದೆ ಬಂದ ಅತಿಥಿಯ ಮಾತು ಅದರಲ್ಲಿ ಇರಲಿಲ್ಲ. ಇಲ್ಲವೆಂದೂ ಇರಲಿಲ್ಲ.

ಮರುದಿನ ಬೆಳಗ್ಗೆ ಗರಡಿಯಲ್ಲಿ ಗುರುಪಾದಪ್ಪನವರು ಹನುಮನ ಪಟಕ್ಕೆ ದೀಪ ಹಚ್ಚುತ್ತಿದ್ದರು. ಶೆಟ್ಟರೂ ಫಿಲೋಮಿನಾಳೂ ಏನಾಗುತ್ತದೋ ಎಂದು ಬಾಗಿಲ ಹತ್ತಿರ ಬಂದು ನಿಂತಿದ್ದರು. ಇಲ್ಯಾಸ್ ಚಪ್ಪಲಿ ಬಿಟ್ಟು ಒಳಗೆ ಬಂದು, ಬಗ್ಗಿ ಕೆಮ್ಮಣ್ಣು ಮುಟ್ಟಿ, “ಒಂದು ಕೈ ಆಡೋಣ” ಎಂದ. ಪೈಲ್ವಾನರು ನನ್ನ ಹೆಂಡತಿಯನ್ನು ನೋಡಿದರು. ಇದು ಯಾರ ಪಾಠವೆಂದು ಅವರಿಗೆ ತಿಳಿಯಿತು. ಅವರು ಜೀವಮಾನವಿಡೀ ಆ ಮಣ್ಣಿನಲ್ಲಿ ಬದುಕಿದವರು. ಹೋಗಿ ಯಂತ್ರದ ಸ್ವಿಚ್ಚು ಒತ್ತಿದರು. “ಯಾರಪ್ಪ ಇವನ ಎದುರಿಗೆ?” ಎಂದು ಪದ್ಧತಿಯಂತೆ ಕೂಗಿದರು. ನಾನು ಹೋಗಿ ಸ್ಟೂಲಿನ ಮೇಲೆ ಕುಳಿತೆ.

ನನ್ನದು ಯಾವಾಗಲೂ ಬಲೆ ಬೀಸುವ ಮುದಿ ಬೆಸ್ತ. ಅವನದು ಹಣೆಗೆ ಬಿಳಿ ಪಟ್ಟಿ ಕಟ್ಟಿದ ಹೆಣ್ಣು. ಮೂರು ಸುತ್ತಿನಲ್ಲಿ ಎರಡು ಗೆದ್ದವರದ್ದು ಗೆಲುವು. ಪರದೆಯ ಮೇಲ್ಗಡೆ ಇಬ್ಬರ ಜೀವವೂ ಹಳದಿಯ ಎರಡು ಪಟ್ಟಿಗಳಾಗಿ ಉದ್ದಕ್ಕೆ ಹಾಸಿರುತ್ತದೆ. ಪೆಟ್ಟು ಬಿದ್ದಂತೆಲ್ಲ ಕುಗ್ಗುತ್ತ ಬರುತ್ತದೆ. ಮೊದಲ ಸುತ್ತಿನಲ್ಲಿ ಇಲ್ಯಾಸನ ಕೈ ನಿಜಕ್ಕೂ ತಡವಾಗುತ್ತಿತ್ತು. ನನ್ನ ಬಲೆ ಬಂದು ಬಿದ್ದ ಮೇಲೆ ಅವನ ಹೆಣ್ಣು ಜಿಗಿಯುತ್ತಿದ್ದಳು. ಆ ಸುತ್ತು ನಾನು ಗೆದ್ದೆ. ಇನ್ನೊಂದು ಸುತ್ತು, ಕುಮುದಾ, ಎಂದುಕೊಂಡೆ. ಎರಡನೆಯದು ಅವನಿಗೆ ಹೋಯಿತು. ಮೂರನೆಯದರಲ್ಲಿ ಇಬ್ಬರ ಪಟ್ಟಿಯೂ ಸವೆದು ಸವೆದು ಉಗುರಿನಷ್ಟಕ್ಕೆ ಬಂದಾಗ, ಅವನ ಬೆರಳುಗಳು ತಮ್ಮಷ್ಟಕ್ಕೆ ಎಚ್ಚೆತ್ತುಕೊಂಡವು. ಅವನ ಮುಖ ಅಳುತ್ತಿತ್ತು, ಬೆರಳುಗಳಿಗೆ ಅದು ಗೊತ್ತಿರಲಿಲ್ಲ. ಹಿಂದಕ್ಕೆ, ಕೆಳಕ್ಕೆ, ಮುಂದಕ್ಕೆ. ಹಣೆಪಟ್ಟಿಯ ಹೆಣ್ಣು ನನ್ನ ಬೆಸ್ತನ ತಲೆಯ ಮೇಲಿನಿಂದ ಹಾರಿ ಅವನ ಬೆನ್ನಿಗೆ ಒದ್ದಳು. ಬೆಸ್ತ ನಿಧಾನವಾಗಿ, ನೀರಿನೊಳಗೆ ಬೀಳುವವನಂತೆ ಬಿದ್ದ.

“ಸೋತ್ಬಿಡ್ಬೇಕು ಅಂತಿದ್ದೆ ಸರ್,” ಎಂದ ಇಲ್ಯಾಸ್. “ಬೇಕಂತ ಸೋತ್ರೆ ಹೋಗಲ್ಲ ಅಂದ್ರಿ. ಅದಕ್ಕೆ ಆಡ್ದೆ.” ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು ಮುಖ ಕಿವಿಚಿದ. “ಇದ್ಯಾವುದು? ಇದು ಬೇರೆ ಥರ ಇದೆ. ಒಳಗೆ ಏನೋ ಇರಬೇಕಾದ ಕಡೆ ಏನೂ ಇಲ್ಲದ ಹಾಗೆ. ಇದು ಯಾರದ್ದು?”

ನನ್ನದೆಂದು ನನಗೆ ಗೊತ್ತಾಗಲಿಲ್ಲ. ಅಂಬುಜಾಳಿಗೆ ಗೊತ್ತಾಯಿತು. “ಬೇಕು ಅನ್ನೋದನ್ನೂ ಕಳಕೊಂಡ್ರಾ,” ಎಂದಳು. ಗದರಿಸಿದ ಹಾಗಿರಲಿಲ್ಲ.

ನಾನು ಸ್ಟೂಲಿನಿಂದ ಎದ್ದೆ. ಗರಡಿಯ ಮೇಲ್ಗಿಂಡಿಯಿಂದ ಬಿಸಿಲು ಕೋಲುಕೋಲಾಗಿ ಇಳಿದು ಕೆಮ್ಮಣ್ಣಿನ ಮೇಲೆ ಬಿದ್ದಿತ್ತು. ಚೆನ್ನಾಗಿತ್ತು. ಮಂಡಿನೋವು ಕೂಡ ಕಡಿಮೆಯೆನಿಸಿತು. ಅಂದಿನಿಂದ ನನಗೆ ಯಾವ ಕೊರತೆಯೂ ಇಲ್ಲ. ಇದನ್ನು ಹೇಳುವಾಗಿನ ಧಾಟಿಯಲ್ಲಿ ಏನಾದರೂ ತೇವ ಕಂಡರೆ ಅದು ಬಹುಕಾಲ ಓದಿದ ಪುಸ್ತಕಗಳದ್ದು.

ಅಂಬುಜಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಮಣ್ಣು ಮುಟ್ಟಿದಳು. ಪೈಲ್ವಾನರು, “ಬೇಡ ತಾಯಿ, ನೀವು ಸೋಲೋಕೆ ಅಭ್ಯಾಸ ಮಾಡ್ದೋರು” ಎಂದರು.

“ಹಾಗಂತ ಯಾರು ಹೇಳಿದ್ದು?” ಎಂದಳು.

ಶೆಟ್ಟರು ಬಾಗಿಲ ಬಳಿಯಿಂದ, “ಅಂಬುಜಮ್ಮ, ನಮ್ದೂ ಸೇರಿಕೊಂಡಿದೆ ಅದರಲ್ಲಿ. ಯೋಚನೆ ಮಾಡಿ” ಎಂದರು. ಅವಳು ಅವರ ಕಡೆ ತಿರುಗಿ, “ನಿಮ್ಮ ತಮ್ಮನ ಹೆಸರೇನು ಶೆಟ್ರೇ?” ಎಂದು ಕೇಳಿದಳು. ಅವರು, “ವೀರೇಶ” ಎಂದರು. “ನಿನ್ನ ಗಂಡನದು?” ಫಿಲೋಮಿನಾ, “ಬೆನೆಡಿಕ್ಟ್, ಅಮ್ಮ” ಎಂದಳು. “ಆಯ್ತು. ಹೆಸರು ಗೊತ್ತಾದ್ರೆ ಸಾಕು,” ಎಂದು ಅಂಬುಜಾ ಸ್ಟೂಲಿನ ಮೇಲೆ ಕುಳಿತಳು.

ಅವಳು ಆರಿಸಿಕೊಂಡದ್ದು ಆ ಆಟದಲ್ಲಿ ಯಾರೂ ಆರಿಸದ ಗಡವ, ಕಲ್ಲು ಒಡೆಯುವವನು. ಅವನು ಒಂದು ಹೆಜ್ಜೆಯಿಡುವುದರೊಳಗೆ ಬೇರೆಯವರು ಎರಡು ಸಲ ಹಾರಿರುತ್ತಾರೆ. ಅವಳು ಹೊಡೆಯಲು ಹೋಗಲೇ ಇಲ್ಲ. ತಡೆದಳು. ಹಿಡಿಕೆಯನ್ನು ಹಿಂದಕ್ಕೆ ಎಳೆದು ಹಿಡಿದು, ಮೇಲಿನಿಂದ ಬಂದದ್ದನ್ನು ಮೇಲೆ, ಕೆಳಗಿನಿಂದ ಬಂದದ್ದನ್ನು ಕೆಳಗೆ, ಕಲ್ಲಿನಂಥ ಎರಡು ತೋಳುಗಳಲ್ಲಿ ತಡೆಯುತ್ತ ಕೂತಳು. ಇಲ್ಯಾಸ್ ತನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದ. ನಡುವೆ ಅವನ ಕೈ ಒಂದು ಉಸಿರಿನಷ್ಟು ತಡವಾಯಿತು, ಕುಮುದಾ ಬಂದಿರಬೇಕು. ಆಗ ಒಂದೇ ಒಂದು ಪೆಟ್ಟು ಕೊಟ್ಟು ಮತ್ತೆ ತಡೆಯತೊಡಗಿದಳು. ಆಟದ ಗಡಿಯಾರ ಸೊನ್ನೆಗಿಳಿದಾಗ ಅವಳ ಪಟ್ಟಿಯಲ್ಲಿ ಅವನದಕ್ಕಿಂತ ಒಂದು ಎಳೆ ಹೆಚ್ಚು ಉಳಿದಿತ್ತು. ಎರಡನೆಯ ಸುತ್ತೂ ಹಾಗೆಯೇ ಮುಗಿಯಿತು. ಇಷ್ಟು ದಿನ ಮಧ್ಯಾಹ್ನಗಳಲ್ಲಿ ಅವಳು ಕಲಿತದ್ದು ಇಷ್ಟೇ: ಬೀಳದೆ ಹೊತ್ತು ಕಳೆಯುವುದು. ಅವಳಿಗೆ ಅದು ಮೊದಲೇ ಅರ್ಧ ಬರುತ್ತಿತ್ತು.

ಅವಳು ಯಂತ್ರದ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಬೆನ್ನು ಒಮ್ಮೆ ಬಾಗಿ ನೇರವಾಯಿತು. ತುಟಿ ಅಲುಗುತ್ತಿತ್ತು, ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದಳೆಂದು ತೋರುತ್ತದೆ. ಪೈಲ್ವಾನರು ಹಿಂದೆ ಬಂದು ನಿಂತು, ಮುಟ್ಟಬೇಕೋ ಬೇಡವೋ ತಿಳಿಯದೆ, ತಮ್ಮ ದೊಡ್ಡ ಕೈಯನ್ನು ಅವಳ ತಲೆಯಿಂದ ಒಂದು ಗೇಣು ಮೇಲೆ ಹಿಡಿದುಕೊಂಡಿದ್ದರು.

ಇಲ್ಯಾಸ್ ಎದ್ದು ಮೈ ಮುರಿದ. ಮುಖದಲ್ಲಿ ಅವನದೇ ವಯಸ್ಸು ವಾಪಸು ಬಂದಿತ್ತು. “ಇಲ್ಲಿ ಇಡ್ಲಿ ಎಲ್ಲಿ ಚೆನ್ನಾಗಿ ಸಿಗುತ್ತೆ?” ಎಂದು ಶೆಟ್ಟರನ್ನು ಕೇಳಿದ. ಹೊರಡುವಾಗ ಅಂಬುಜಾಳ ಮುಂದೆ ನಿಂತು, ಹೇಳಬೇಕಾದ್ದು ಏನೋ ಇತ್ತೆಂದು ಹುಡುಕಿ, ಸಿಕ್ಕದೆ, “ಥ್ಯಾಂಕ್ಯೂ ಆಂಟಿ. ಸೂಪರ್ ಡಿಫೆನ್ಸ್ ನಿಮ್ದು” ಎಂದ. ಹಿಂದಿನ ದಿನವೆಲ್ಲ ಅವನು ಅವಳನ್ನು ಅಮ್ಮ ಎಂದಿದ್ದ. ಅವಳು ತಲೆಯಾಡಿಸಿ, “ಹೊತ್ತು ಹೊತ್ತಿಗೆ ಊಟ ಮಾಡು” ಎಂದಳು.

ಮನೆಗೆ ಬಂದ ಮೇಲೆ ಅವಳು ನಡುಮನೆಯಲ್ಲಿ ನೆಲದ ಮೇಲೆ ಕುಳಿತಳು. ನಾನು ಕಾಫಿ ಮಾಡಿ ತಂದುಕೊಟ್ಟೆ. ಅವಳ ಕಷ್ಟ ನನಗೆ ಕಾಣುತ್ತಿತ್ತು, ಯಾರಿಗಾದರೂ ಕಾಣುವಂಥದು. ನನ್ನಿಂದಾದ ಸಹಾಯ ಮಾಡಬೇಕೆಂದು ಮನಸ್ಸು ಶಾಂತವಾಗಿ, ಸ್ಪಷ್ಟವಾಗಿ ಹೇಳಿತು. ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ.

“ನಾಡಿದ್ದಿನ ಪಂದ್ಯಕ್ಕೆ ನಿನ್ನ ಹೆಸರು ಸೇರಿಸೋಕೆ ಪೈಲ್ವಾನರಿಗೆ ಹೇಳ್ತೀನಿ. ಈ ಸಲ ಬರ್ತಿರೋ ಹುಡುಗಿಯೊಬ್ಬಳು ತುಂಬ ಚೆನ್ನಾಗಿ ಆಡ್ತಾಳಂತೆ. ನೀನು ಪೂರ್ತಿ ಆಡಿದರೂ ಸೋಲ್ತೀಯ. ಎಲ್ಲ ಒಂದೇ ಸಲಕ್ಕೆ ಹೋಗಿಬಿಡುತ್ತೆ. ಎಷ್ಟು ಹಗುರವಾಗುತ್ತೆ ಗೊತ್ತಾ? ನನ್ನನ್ನೇ ನೋಡು.”

ಅವಳು ನೋಡಿದಳು. ಬಹಳ ಹೊತ್ತು ನೋಡಿದಳು. “ನೋಡಿದೆ,” ಎಂದಳು.

ಕಾಫಿ ಮುಗಿಸಿ ಲೋಟ ತೊಳೆದಿಟ್ಟಳು. ಎರಡು ಸೀರೆ, ಸ್ವೆಟರು, ಕನ್ನಡಕದ ಪೆಟ್ಟಿಗೆ ಚೀಲಕ್ಕೆ ಹಾಕಿಕೊಂಡಳು. ಎಲ್ಲಿಗೆಂದು ಕೇಳಿದೆ.

“ಅಕ್ಕನ ಮನೆಗೆ. ಗಡಿಕಲ್ಲು ದಾಟಿದ್ರೆ ಆಯ್ತು. ಅಲ್ಲಿ ನನ್ನನ್ನ ಯಾರು ಎಷ್ಟು ಸಲ ಸೋಲಿಸಿದ್ರೂ ಇದು ನನ್ನ ಹತ್ರಾನೇ ಇರುತ್ತೆ.”

“ಇಲ್ಲೂ ನಿನ್ನನ್ನ ಯಾರೂ ಬಲವಂತ ಮಾಡಲ್ಲ.”

“ನೀವು ಮಾಡ್ತೀರಿ,” ಎಂದಳು. “ಪ್ರೀತಿಯಿಂದ. ದಿನಾ.”

ಅದರಲ್ಲಿ ತಪ್ಪೇನೆಂದು ನಾನು ಯೋಚಿಸುತ್ತಿದ್ದೆ. ಅವಳು ಹೊಸಿಲ ಹತ್ತಿರ ಬಗ್ಗಿ ಚಪ್ಪಲಿ ಮೆಟ್ಟಿಕೊಂಡಳು. “ಅನ್ನ ಮಾಡಿಟ್ಟಿದೀನಿ. ನಾಳೆಯಿಂದ ಶೆಟ್ರ ಮನೆಯಿಂದ ತರಿಸ್ಕೊಳ್ಳಿ. ನಂಗೆ ಒಂದೇ ಒಂದು ಹೇಳಿ. ನಾನು ಹೋಗ್ತಿದೀನಲ್ಲ, ನಿಮಗೆ ಏನಾದ್ರೂ ಆಗ್ತಿದೆಯಾ?”

ಅವಳಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಒಳಗೆಲ್ಲ ನೋಡಿಕೊಂಡೆ. ಇಂಥ ಗಳಿಗೆಗೆ ಒಪ್ಪುವ ಸಾಲುಗಳು ಅಲ್ಲಿ ಸಾಕಷ್ಟಿದ್ದವು. ಒಂದೆರಡು ನೆನಪಿಗೂ ಬಂದವು, ಅವುಗಳ ಲಯ ಚೆನ್ನಾಗಿತ್ತು. “ಬಿಸಿಲು ಏರೋದ್ರೊಳಗೆ ಹೋಗಿ ಸೇರಿಕೋ,” ಎಂದೆ. ಅವಳ ಚೀಲವನ್ನು ಹೊಸಿಲಿನವರೆಗೆ ನಾನೇ ತಂದುಕೊಟ್ಟೆ. ನನ್ನ ಮುಖದಲ್ಲಿ ನಗು ಇತ್ತೆಂದು ನನಗೆ ಅನುಮಾನ. ಅವಳು ಚೀಲ ತೆಗೆದುಕೊಂಡು ಹೊರಗೆ ಹೆಜ್ಜೆಯಿಟ್ಟು, ನನ್ನ ಕಡೆ ತಿರುಗದೆ, ಕೈಯನ್ನಷ್ಟೇ ಹಿಂದಕ್ಕೆ ಚಾಚಿ ಬಾಗಿಲನ್ನು ಎಳೆದುಕೊಂಡಳು. ಮರ ಉಬ್ಬಿಕೊಂಡಿದ್ದರಿಂದ ಅದು ಒಂದೇ ಸಲಕ್ಕೆ ಕೂರಲಿಲ್ಲ. ಎರಡನೆಯ ಸಲ ಎಳೆದಾಗ ಮುಚ್ಚಿಕೊಂಡಿತು.